ರೀಲಿಗೆ ಯಾವ ದಾರ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಹಲವು ಒಂದೇ ವಿಷಯದವು. ಕಡಲಿಲ್ಲದ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರು ಹೊತ್ತು ನೀರೊಳಗೆ ಇಳಿಯುವುದನ್ನು, ಕಲಿತು ಬಂದವರು, ಕಲಿಯಲು ಹೊರಟವರು ಕೇಳಿರುವುದು ಹಿಡಿಯಿರುವ ರೀಲಿಗೆ, ಇಲ್ಲವೇ ಹಿಡಿಯಿಲ್ಲದ ಬರೀ ಉರುಳೆಯಾದ ಸ್ಪೂಲಿಗೆ ಸುತ್ತುವ ದಾರದ ಬಗ್ಗೆ. ನೀರಿನೊಳಗೆ ಈ ದಾರಕ್ಕೆ ಇರುವುದು ಎರಡೇ ಕೆಲಸ. ಒಂದು, ಎಸ್‌ಎಂಬಿಯನ್ನು, ಅಂದರೆ ದೋಣಿಯವರಿಗೆ ಕಾಣುವಂತೆ ನೀರಿನ ಮೇಲೆ ನೆಟ್ಟಗೆ ನಿಲ್ಲುವ ಗಾಳಿ ತುಂಬಿದ ಚೀಲವನ್ನು, ಕೆಳಗಿರುವವರ ಕೈಗೆ ಜೋಡಿಸುವುದು. ಇನ್ನೊಂದು, ಹೋದ ದಾರಿಯಲ್ಲೇ ಹಿಂದಿರುಗಲು ಗುರುತಾಗಿ ಬಿದ್ದಿರುವುದು. ಎರಡರಲ್ಲಿ ಯಾವುದರಲ್ಲಿ ದಾರ ಕೈಕೊಟ್ಟರೂ ಆಗುವ ತೊಂದರೆ ಸಣ್ಣದಲ್ಲ.

ಹಾಸನದ ಓದುಗರು: ಓಪನ್ ವಾಟರ್ ಎಂಬ ಮೊದಲ ಹಂತದ ಕೋರ್ಸ್ ಮುಗಿಯಿತು. ಎಸ್‌ಎಂಬಿ ಮತ್ತು ಸ್ಪೂಲ್ ಕೊಳ್ಳಬೇಕು. ಆನ್‌ಲೈನಿನಲ್ಲಿ 30 ಮೀಟರ್ ಸ್ಪೂಲೇ ಐದಾರು ಬಗೆ ಇದೆ. ಒಂದರ ದಾರ 1.2 ಮಿ.ಮೀ., ಇನ್ನೊಂದರದು 2 ಮಿ.ಮೀ. ಎಷ್ಟು ಕೆ.ಜಿ. ತಡೆಯುತ್ತದೆ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಏನು ನೋಡಿ ಆರಿಸಲಿ?

ಕೆ.ಜಿ. ಲೆಕ್ಕವನ್ನು ಕಟ್ಟಕಡೆಗೆ ನೋಡಿ. ಯಾಕೆಂದರೆ ಚಿಕ್ಕ ಎಸ್‌ಎಂಬಿಯೊಂದನ್ನು ತೆಗೆದುಕೊಳ್ಳಿ: ಚಪ್ಪಟೆಯಾಗಿ ಹಾಸಿದಾಗ 15 ಸೆಂ.ಮೀ. ಅಗಲ, 1.2 ಮೀಟರ್ ಉದ್ದ. ಗಾಳಿ ತುಂಬಿದರೆ ಅದರ ಸುತ್ತಳತೆ 30 ಸೆಂ.ಮೀ., ಅಡ್ಡಳತೆ ಒಂಬತ್ತೂವರೆ ಸೆಂ.ಮೀ., ಹಿಡಿಯುವ ಗಾಳಿ ಸುಮಾರು ಎಂಟೂವರೆ ಲೀಟರ್. ಅದು ಪೂರ್ತಿ ನೀರೊಳಗಿದ್ದರೂ ಮೇಲಕ್ಕೆ ಎಳೆಯುವ ಬಲ ಎಂಟೂವರೆ ಕೆ.ಜಿ.ಯಷ್ಟೆ. ಡೈವಿಂಗಿಗೆಂದು ಮಾರುವ ಯಾವ ದಾರವೂ ಇದಕ್ಕೆ ಹರಿಯುವುದಿಲ್ಲ. ದಾರ ತುಂಡಾಗುವುದು ಭಾರಕ್ಕಲ್ಲ, ಕಲ್ಲಿನ ಅಂಚಿಗೆ, ಸಿಂಪಿ ಕಚ್ಚಿದ ಬಂಡೆಗೆ, ತುಕ್ಕು ಹಿಡಿದ ಕಬ್ಬಿಣಕ್ಕೆ ಉಜ್ಜಿ. ಇನ್ನು ಹೆಚ್ಚಿನ ಸಲ ಅದು ತುಂಡಾಗುವುದೇ ಇಲ್ಲ. ಸಿಕ್ಕಾಗುತ್ತದೆ, ಸ್ಪೂಲಿನಲ್ಲೇ ಕಚ್ಚಿಕೊಳ್ಳುತ್ತದೆ, ಇಲ್ಲವೇ ಬೆರಳಿಗೆ ಸಿಗದೆ ಜಾರಿಹೋಗುತ್ತದೆ. ಆದ್ದರಿಂದ ಮೊದಲು ನೋಡಬೇಕಾದ್ದು ಯಾವ ವಸ್ತು, ಆಮೇಲೆ ಹೇಗೆ ಹೆಣೆದದ್ದು, ಆಮೇಲೆ ಎಷ್ಟು ದಪ್ಪ, ಎಷ್ಟು ಉದ್ದ.

ವಸ್ತು ನೀರಿನಲ್ಲಿ ಮುಳುಗುವಂಥದ್ದಾಗಿರಬೇಕು. ನೈಲಾನ್ ನೀರಿಗಿಂತ 1.14 ಪಟ್ಟು ಸಾಂದ್ರ, ಪಾಲಿಯೆಸ್ಟರ್ 1.38 ಪಟ್ಟು. ಎರಡೂ ಮುಳುಗುತ್ತವೆ. ಪಾಲಿಪ್ರೊಪಿಲೀನ್ 0.91, ಅದು ತೇಲುತ್ತದೆ. ಸಡಿಲವಾದ ತೇಲುವ ದಾರ ನಿಮ್ಮ ತಲೆಯ ಮೇಲೆ ಬಳ್ಳಿಯಂತೆ ಎದ್ದು ನಿಂತು ಸಿಲಿಂಡರಿನ ವಾಲ್ವಿಗೆ, ಕಾಲಿಗೆ ಹಾಕುವ ಈಜುರೆಕ್ಕೆಯ (ಫಿನ್) ಪಟ್ಟಿಗೆ ಸುತ್ತಿಕೊಳ್ಳುತ್ತದೆ. ಮುಳುಗುವ ದಾರ ಸಡಿಲವಾದರೂ ಕೆಳಗೆ ಇಳಿದು ದೂರ ಇರುತ್ತದೆ. ನೈಲಾನ್ ಎಳೆದರೆ ಹಿಗ್ಗುತ್ತದೆ, ಅಲೆಯ ಕುಲುಕಾಟವನ್ನು ಸ್ವಲ್ಪ ನುಂಗಿಕೊಳ್ಳುತ್ತದೆ, ಸವೆತವನ್ನೂ ಚೆನ್ನಾಗಿ ತಡೆಯುತ್ತದೆ. ನೀರು ಕುಡಿದು ಉಬ್ಬುವುದು ಅದರ ದೋಷ. ಪಾಲಿಯೆಸ್ಟರ್ ನೀರು ಕುಡಿಯುವುದು ಬಹಳ ಕಡಿಮೆ, ಹಿಗ್ಗುವುದೂ ಕಡಿಮೆ, ಅಳತೆಯ ಗುರುತು ಹಾಕಿದರೆ ಅದು ಜಾಗದಲ್ಲೇ ಉಳಿಯುತ್ತದೆ. ಎಸ್‌ಎಂಬಿಗೆ ಎರಡರಲ್ಲಿ ಯಾವುದಾದರೂ ಆದೀತು.

ಹೆಣಿಗೆಯಲ್ಲಿ ಎರಡು ಜಾತಿ. ಮೂರು ಎಳೆಗಳನ್ನು ಹಗ್ಗದಂತೆ ಹೊಸೆದದ್ದು ಒಂದು, ಜಡೆಯಂತೆ ಎಂಟು, ಹದಿನಾರು ಎಳೆ ಹೆಣೆದದ್ದು ಇನ್ನೊಂದು. ನಿಮ್ಮ ಕೆಲಸಕ್ಕೆ ಹೆಣೆದದ್ದೇ ಬೇಕು. ಕಾರಣ ಮುಂದಿನ ಉತ್ತರದಲ್ಲಿದೆ.

ದಪ್ಪ 1.8ರಿಂದ 2 ಮಿ.ಮೀ. ಇರಲಿ. 1.2 ಮಿ.ಮೀ. ದಾರ ಸ್ಪೂಲನ್ನು ಪುಟ್ಟದಾಗಿಸುತ್ತದೆ ನಿಜ. ಆದರೆ ಹದಿನೈದು ಇಪ್ಪತ್ತು ನಿಮಿಷ ನೀರಿನಲ್ಲಿದ್ದು ಬೆರಳ ತುದಿ ಸುಕ್ಕುಗಟ್ಟಿದಾಗ, ಅದರ ಮೇಲೆ ಕೈಗವಸೂ ಇದ್ದಾಗ, ದಾರ ಬೆರಳ ನಡುವೆ ಓಡುತ್ತಿದೆಯೋ ನಿಂತಿದೆಯೋ ಗೊತ್ತಾಗುವುದಿಲ್ಲ. ಎಳೆತ ಬಿದ್ದಾಗ ಬರಿಗೈ ಕೊಯ್ಯುವುದೂ ಸಣ್ಣ ದಾರವೇ. ಅಂಗಡಿಗಳಲ್ಲಿ 24ನೇ ನಂಬರು, 36ನೇ ನಂಬರು ಎಂಬ ದಾರಗಳೂ ಸಿಗುತ್ತವೆ. ಆ ನಂಬರು ಮಿಲಿಮೀಟರ್ ಅಲ್ಲ, ತಯಾರಕರಿಂದ ತಯಾರಕರಿಗೆ ದಪ್ಪ ಬದಲಾಗುತ್ತದೆ. ದಪ್ಪವನ್ನು ನೀವೇ ಅಳೆಯಬಹುದು: ಪೆನ್ಸಿಲಿಗೆ ಹತ್ತು ಸುತ್ತು, ಒಂದಕ್ಕೊಂದು ತಾಗುವಂತೆ, ಒಂದರ ಮೇಲೊಂದು ಏರದಂತೆ ಸುತ್ತಿ. ಸ್ಕೇಲಿನಲ್ಲಿ ಆ ಹತ್ತು ಸುತ್ತಿನ ಅಗಲ ನೋಡಿ ಹತ್ತರಿಂದ ಭಾಗಿಸಿ. 18 ಮಿ.ಮೀ. ಬಂದರೆ ದಾರ 1.8.

ಉದ್ದದ ಲೆಕ್ಕಕ್ಕೆ ಆಳವೊಂದೇ ಸಾಲದು. ಗಾಳಿ, ಸೆಳೆತ ಎರಡೂ ಚೀಲವನ್ನು ಪಕ್ಕಕ್ಕೆ ಒಯ್ಯುತ್ತವೆ. ದಾರ 45 ಡಿಗ್ರಿ ಓರೆಯಾಯಿತೆಂದರೆ 18 ಮೀಟರ್ ಆಳದಿಂದ ಬಿಟ್ಟ ಚೀಲಕ್ಕೆ 25 ಮೀಟರ್ ದಾಟಿ ದಾರ ಬೇಕು. 18 ಮೀಟರಿಗಿಂತ ಕೆಳಗಿಳಿಯದ ಓಪನ್ ವಾಟರ್ ಮಟ್ಟದವರಿಗೆ 30 ಮೀಟರ್ ದಾರ ಸಾಕು. ಮುಂದೆ 30 ಮೀಟರ್ ಆಳಕ್ಕೆ ಇಳಿಯುವ ಯೋಚನೆಯಿದ್ದರೆ ಈಗಲೇ 45 ಮೀಟರಿನ ಸ್ಪೂಲ್ ಕೊಳ್ಳಿ.

ಚೀಲ ಬಿಡುವಾಗ ಸ್ಪೂಲನ್ನು ಮೈಗೆ ಕೊಕ್ಕೆ ಹಾಕಿ ಸಿಕ್ಕಿಸಿರಬಾರದು. ದಾರ ಕಚ್ಚಿಕೊಂಡರೆ ತಕ್ಷಣ ಕೈಬಿಡಿ. ಸ್ಪೂಲ್ ಹೋದರೆ ಹೋಗಲಿ, ಅದರ ಜೊತೆ ನೀವು ಮೇಲಕ್ಕೆ ಹಾರಬಾರದು. 18 ಮೀಟರಿನಲ್ಲಿ ಒತ್ತಡ ಮೇಲಿನದರ 2.8 ಪಟ್ಟು. ಹೀಗಾಗಿ ಎಂಟೂವರೆ ಲೀಟರಿನ ಚೀಲಕ್ಕೆ ಕೆಳಗೆ ಮೂರು ಲೀಟರ್ ತುಂಬಿದರೆ ಮೇಲೆ ಬರುವಷ್ಟರಲ್ಲಿ ಅದು ತಾನೇ ಬಿರುಸಾಗುತ್ತದೆ. ಕೆಳಗೇ ಪೂರ್ತಿ ತುಂಬಲು ಹೋಗಿ ಕೈ ತಡವಾದಾಗಲೇ ಜನ ಚೀಲದ ಜೊತೆ ಎಳೆಸಿಕೊಂಡು ಹೋಗುವುದು.

ಬೇಲೂರಿನ ಓದುಗರು: ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಗಾರೆ ಮೇಸ್ತ್ರಿಗಳು ಗೋಡೆ ಸೂತ ನೋಡಲು ಕಟ್ಟುವ ನೈಲಾನ್ ದಾರ ಅಗ್ಗಕ್ಕೆ ಸಿಗುತ್ತದೆ. ಬಲೆ ಹೆಣೆಯುವ ದಾರವೂ ಇದೆ. ಸ್ಪೂಲಿಗೆ ಅದನ್ನೇ ಸುತ್ತಿದರೆ ಆಗದೇ?

ಮೇಸ್ತ್ರಿ ದಾರ ಬೇಡ. ಅದು ಬಿಗಿಯಾಗಿ ಹೊಸೆದ ಸಣ್ಣ ದಾರ, ಎರಡು ಮೊಳೆಗಳ ನಡುವೆ ಸದಾ ಬಿಗಿದು ನಿಂತಿರಲಿ ಎಂದೇ ಮಾಡಿದ್ದು. ಬಿಗಿ ಕಳೆದರೆ ಏನಾಗುತ್ತದೆಂದು ಮನೆಯಲ್ಲೇ ನೋಡಬಹುದು. ಒಂದು ಮಾರು ದಾರದ ಎರಡೂ ತುದಿ ಹಿಡಿದು, ಮೆಲ್ಲಗೆ ಕೈಗಳನ್ನು ಹತ್ತಿರ ತನ್ನಿ. ನಡುವೆ ದಾರ ತನ್ನ ಮೇಲೆ ತಾನೇ ಮುರಿದುಕೊಂಡು ಸಣ್ಣ ಸಣ್ಣ ಕುಣಿಕೆಯಾಗಿ ತಿರುಚಿಕೊಳ್ಳುತ್ತದೆ. ನೀರಿನಲ್ಲಿ ಇದೇ ಕುಣಿಕೆ ಸ್ಪೂಲಿನ ಅಂಚಿಗೆ, ಬೆರಳಿಗೆ, ಬೋಲ್ಟ್ ಸ್ನ್ಯಾಪ್ ಎಂಬ ಲೋಹದ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಹೆಣೆದ ದಾರದಲ್ಲಿ ಅರ್ಧ ಎಳೆ ಬಲಕ್ಕೆ, ಅರ್ಧ ಎಡಕ್ಕೆ ಓಡುವುದರಿಂದ ಒಂದರ ತಿರುಚನ್ನು ಇನ್ನೊಂದು ಹಿಡಿದಿಡುತ್ತದೆ. ಸಡಿಲವಾದರೂ ಅದು ಸುಮ್ಮನೆ ಜೋಲುತ್ತದೆ. ಹೊಸೆದದ್ದರಲ್ಲಿ ಒಂದು ಎಳೆ ಹರಿದರೆ ಉಳಿದವು ಬಿಚ್ಚಿಕೊಳ್ಳುತ್ತಾ ಹೋಗುವ ತೊಂದರೆಯೂ ಉಂಟು.

ಹಾಗೆಂದು ಹೊಸೆದ ದಾರವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ನೀರು ತುಂಬಿದ ಗುಹೆಗಳಲ್ಲಿ ದಾರಿ ತೋರಲು ಶಾಶ್ವತವಾಗಿ ಹಾಸುವ ದಾರ ಬಂಡೆಗೆ ಬಿಗಿದು ಕೂತಿರುತ್ತದೆ, ಅಲ್ಲಿ ಹೊಸೆದದ್ದೂ ನಡೆಯುತ್ತದೆ. ಬಿಡುವುದು, ಸುತ್ತುವುದು ಮತ್ತೆ ಮತ್ತೆ ಇರುವ ಸ್ಪೂಲಿಗೆ ಮಾತ್ರ ಅದು ಒಗ್ಗುವುದಿಲ್ಲ.

ಬಲೆ ದಾರದ ಚೀಟಿಯಲ್ಲಿ 210/12/3 ಎಂಬಂತೆ ಬರೆದಿರುತ್ತದೆ. 210 ಎಂದರೆ ಡೆನಿಯರ್: ಆ ನೂಲು 9,000 ಮೀಟರ್ ಉದ್ದವಿದ್ದರೆ 210 ಗ್ರಾಂ ತೂಗುತ್ತದೆ. ಅಂಥ 12 ನೂಲು ಸೇರಿ ಒಂದು ಎಳೆ, ಅಂಥ 3 ಎಳೆ ಹೊಸೆದರೆ ದಾರ. ಅಂದರೆ ಇದೂ ಹೊಸೆದದ್ದೇ. ಹೇಮಾವತಿ ಹಿನ್ನೀರಿನಲ್ಲಿ ಮೀನು ಹಿಡಿಯುವವರಿಗೆ ಬಲೆ ದುರಸ್ತಿಗೆ ಅದು ಸರಿ, ನಿಮಗಲ್ಲ. ಅಂಗಡಿಯಲ್ಲಿ ಹೆಣೆದ ನೈಲಾನ್ 2 ಮಿ.ಮೀ. ದಾರ ಇದ್ದರೆ ಕೇಳಿ, ಆದರೆ ಕೊಳ್ಳುವ ಮುಂಚೆ ಎರಡು ಪರೀಕ್ಷೆ ಮಾಡಿ.

ಒಂದು ಗೇಣು ತುಂಡನ್ನು ಬಕೆಟ್ ನೀರಿನೊಳಗೆ ಅದ್ದಿ, ನೀರೊಳಗೇ ಬೆರಳಿನಲ್ಲಿ ಹಿಂಡಿ ಒಳಗಿನ ಗಾಳಿ ಬಿಡಿಸಿ, ಕೈಬಿಡಿ. ಗಾಳಿ ಹೋದ ಮೇಲೂ ಎದ್ದು ಬಂದರೆ ಅದು ಪಾಲಿಪ್ರೊಪಿಲೀನ್, ವಾಪಸು ಕೊಡಿ. ಹಿಂಡದೆ ಹಾಗೇ ಹಾಕಿದರೆ ಒಳ್ಳೆಯ ನೈಲಾನ್ ಕೂಡ ಸ್ವಲ್ಪ ಹೊತ್ತು ತೇಲುತ್ತದೆ, ಅದನ್ನು ನೋಡಿ ಮೋಸಹೋಗಬೇಡಿ. ಎರಡನೆಯದು, ದಾರವನ್ನು ಎರಡೂ ಕೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒಳಕ್ಕೆ ನೂಕಿ. ಹೆಣಿಗೆ ಬಾಯಿ ಬಿಟ್ಟು ಒಳಗಿನ ತಿರುಳು ಕಾಣುತ್ತದೆ. ಎಷ್ಟೋ ಅಗ್ಗದ ದಾರದಲ್ಲಿ ಹೊರಗಿನ ಹೆಣಿಗೆ ಒಂದು ವಸ್ತು, ಒಳಗಿನ ತಿರುಳು ಇನ್ನೊಂದು. ತಿರುಳನ್ನು ಎಳೆದು ತೆಗೆದು ಅದನ್ನೂ ಬಕೆಟ್ಟಿಗೆ ಹಾಕಿ ನೋಡಿ. ಇನ್ನೂ ಅನುಮಾನವಿದ್ದರೆ ಚಿಮಟದಲ್ಲಿ ಹಿಡಿದು, ಮನೆಯ ಹೊರಗೆ, ತುದಿಗೆ ಬೆಂಕಿ ತಾಗಿಸಿ. ಪಾಲಿಪ್ರೊಪಿಲೀನ್ ಆದರೆ ಆರಿಸಿದ ಮೇಲೆ ಮೇಣದಬತ್ತಿ ನಂದಿಸಿದಂಥ ವಾಸನೆ ಬರುತ್ತದೆ. ಕರಗದೆ ಬೂದಿಯಾದರೆ ಅದರಲ್ಲಿ ಹತ್ತಿ ಇದೆ, ನೀರಿನಲ್ಲಿ ಕೊಳೆಯುತ್ತದೆ.

ಸಕಲೇಶಪುರದ ಓದುಗರು: ಗಾಳ ಹಾಕುವವರ ಹೆಣೆದ ದಾರ ಅರ್ಧ ಮಿಲಿಮೀಟರೂ ಇಲ್ಲ, ಆದರೆ ಮೂವತ್ತು ನಲವತ್ತು ಕೆ.ಜಿ. ತಡೆಯುತ್ತದೆಯಂತೆ. ಅಂಗೈಯಲ್ಲಿ ಮುಚ್ಚುವಷ್ಟು ಚಿಕ್ಕ ಸ್ಪೂಲಿನಲ್ಲಿ ನೂರು ಮೀಟರ್ ಹಿಡಿಸಬಹುದಲ್ಲ?

ಹಿಡಿಸಬಹುದು, ಹಿಡಿಸಬಾರದು. ಅದು ಡೈನೀಮಾ ಜಾತಿಯ ಪಾಲಿಎಥಿಲೀನ್, ಸಾಂದ್ರತೆ 0.97, ತೇಲುತ್ತದೆ. ಮೈ ಬಹಳ ನುಣುಪು, ಸಾಮಾನ್ಯ ಗಂಟು ಹಾಕಿದರೆ ಎಳೆತಕ್ಕೆ ಜಾರಿ ಬಿಚ್ಚಿಕೊಳ್ಳುತ್ತದೆ. ಎಳೆದಾಗ ಹಿಗ್ಗುವುದಿಲ್ಲವಾದ್ದರಿಂದ ಅಲೆಯ ಪ್ರತಿ ಕುಲುಕೂ ನೇರ ಬೆರಳಿಗೇ ಬರುತ್ತದೆ, ಅಷ್ಟು ಸಣ್ಣ ದಾರ ಚರ್ಮ ಸೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು: ಸಿಕ್ಕಿಕೊಂಡಾಗ ಅದನ್ನು ಕತ್ತರಿಸುವುದು ಕಷ್ಟ. ಡೈವಿಂಗ್ ಚಾಕು ಉಪ್ಪುನೀರಿಗೆ ಬೇಗ ಮೊಂಡಾಗುತ್ತದೆ, ಮೊಂಡು ಅಲಗಿನಲ್ಲಿ ನೈಲಾನ್ ತುಂಡಾಗುತ್ತದೆ, ಡೈನೀಮಾ ಜಾರುತ್ತದೆ. ನೀವು ಯಾವುದೇ ದಾರ ಒಯ್ದರೂ ಎರಡೂ ಕೈಗೆ ಎಟುಕುವ ಕಡೆ ಒಂದು ಕಟ್ಟರ್ ಇರಲೇಬೇಕು, ಆ ಕಟ್ಟರಿನಲ್ಲಿ ಆ ದಾರವನ್ನು ಮನೆಯಲ್ಲಿ ಒಮ್ಮೆಯಾದರೂ, ಒದ್ದೆ ಮಾಡಿ, ಒಂದೇ ಕೈಯಲ್ಲಿ ಕತ್ತರಿಸಿ ನೋಡಿರಬೇಕು.

ಚಿಕ್ಕಮಗಳೂರಿನ ಓದುಗರು: 45 ಮೀಟರ್ ಹಿಡಿಯುವ ಸ್ಪೂಲಿನಲ್ಲಿದ್ದ ಹಳೆಯ ದಾರ ತೆಗೆದು 2 ಮಿ.ಮೀ. ಹೊಸ ನೈಲಾನ್ ಸುತ್ತಿದೆ. ಅರ್ಧಕ್ಕೇ ತುಂಬಿಹೋಯಿತು. ಹೇಗೋ ಒತ್ತಿ ಸುತ್ತಿ 35 ಮೀಟರ್ ಹಿಡಿಸಿದೆ. ಮೊದಲ ಡೈವಿನಲ್ಲೇ ದಾರ ಕಚ್ಚಿಕೊಂಡಿತು. ತಪ್ಪಾದದ್ದು ಎಲ್ಲಿ?

ಎರಡು ಕಡೆ. ಒಂದು ಲೆಕ್ಕ, ಇನ್ನೊಂದು ಸುತ್ತಿದ ರೀತಿ.

ದಾರದ ದಪ್ಪ ಸ್ವಲ್ಪ ಹೆಚ್ಚಿದರೂ ಸ್ಪೂಲಿನಲ್ಲಿ ಹಿಡಿಯುವ ಉದ್ದ ಬಹಳ ಇಳಿಯುತ್ತದೆ, ಯಾಕೆಂದರೆ ದಾರ ತುಂಬುವ ಜಾಗ ದಪ್ಪದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಹಳೆಯ ದಪ್ಪವನ್ನು ಹೊಸ ದಪ್ಪದಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಹಳೆಯ ಉದ್ದಕ್ಕೆ ಗುಣಿಸಿ. ನಿಮ್ಮ ಹಳೆಯ ದಾರ 1.5 ಮಿ.ಮೀ. ಇದ್ದಿದ್ದರೆ, 1.5 ಭಾಗಿಸು 2 ಎಂದರೆ 0.75, ಅದರ ವರ್ಗ 0.56, ಅದನ್ನು 45ಕ್ಕೆ ಗುಣಿಸಿದರೆ 25 ಮೀಟರ್. ಹಿಡಿಯಬೇಕಾದ್ದೇ 25, ನೀವು 35 ತುರುಕಿದ್ದೀರಿ. 1.2 ಮಿ.ಮೀ. ದಾರದ 30 ಮೀಟರ್ ಸ್ಪೂಲಿನಲ್ಲಿ 2 ಮಿ.ಮೀ. ಹಾಕಿದರೆ ಬರೀ 11 ಮೀಟರ್ ಹಿಡಿಯುತ್ತದೆ. ದಪ್ಪ ದಾರ ಬೇಕೆಂದರೆ ದೊಡ್ಡ ಸ್ಪೂಲೇ ಬೇಕು, ಅಡ್ಡದಾರಿ ಇಲ್ಲ. ತುರುಕಿದ್ದು ಒಣಗಿದ್ದಾಗ ಕಂಡದ್ದಕ್ಕಿಂತ ನೀರಿನಲ್ಲಿ ಇನ್ನೂ ಉಬ್ಬುತ್ತದೆ, ಅಂಚು ದಾಟಿ ಸುತ್ತುಗಳು ಜಾರಿ ಬೀಳುತ್ತವೆ.

ಇನ್ನು ಸುತ್ತುವ ಕ್ರಮ. ಹೊಸ ನೈಲಾನ್ ದಾರವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ನೆರಳಿನಲ್ಲಿ ಒಣಗಿಸಿ. ಮೊದಲ ಸಲ ನೆನೆದು ಒಣಗಿದಾಗ ನೈಲಾನ್ ಕುಗ್ಗುತ್ತದೆ, ಆ ಕುಗ್ಗುವಿಕೆ ಸ್ಪೂಲಿನ ಹೊರಗೇ ಮುಗಿಯಲಿ. ತೋಟವಿರುವವರಿಗೆ ಇದು ಸುಲಭ: 15 ಮೀಟರ್ ಅಂತರದ ಎರಡು ಸಿಲ್ವರ್ ಓಕ್ ಮರಗಳ ನಡುವೆ ಕಟ್ಟಿದರೆ ಒಣಗುವುದೂ ಆಯಿತು, ಉದ್ದ ಎಣಿಸುವುದೂ ಆಯಿತು. ಮೂರು ಸಲ ಹೋಗಿ ಬಂದದ್ದಲ್ಲ, ಮೂರು ಎಳೆ ಎಂದರೆ 45 ಮೀಟರ್, ಎಣಿಕೆಯಲ್ಲಿ ತಪ್ಪಬೇಡಿ.

ದಾರದ ಒಂದು ತುದಿಯನ್ನು ಸ್ಪೂಲಿನ ನಡುಗಂಬದ ತೂತಿನಲ್ಲಿ ತೂರಿಸಿ ಗಂಟು ಹಾಕಿ. ಬರೀ ಸುತ್ತಿ ಬಿಟ್ಟರೆ ಕೊನೆಯ ಸುತ್ತು ಬಂದಾಗ ಸ್ಪೂಲ್ ನಿಮ್ಮ ಕೈಯಲ್ಲಿ, ದಾರ ಸಮುದ್ರದಲ್ಲಿ. ಆಮೇಲೆ ದಾರವನ್ನು ಮತ್ತೆ ಒದ್ದೆ ಮಾಡಿ, ಒದ್ದೆ ಬಟ್ಟೆಯಲ್ಲಿ ಹಿಡಿದು, ಹದವಾದ ಬಿಗಿಯಲ್ಲಿ ಸುತ್ತಿ. ಇಲ್ಲೇ ಹೆಚ್ಚಿನವರು ಎಡವುವುದು: ಸ್ಪೂಲನ್ನು ಅಲುಗಿಸದೆ ಹಿಡಿದು ದಾರವನ್ನು ಅದರ ಸುತ್ತ ಸುತ್ತುತ್ತಾರೆ. ಹಾಗೆ ಮಾಡಿದರೆ ಪ್ರತಿ ಸುತ್ತಿಗೂ ದಾರದೊಳಗೆ ಒಂದು ತಿರುಚು ಸೇರುತ್ತದೆ, ನೂರು ಸುತ್ತಿಗೆ ನೂರು ತಿರುಚು. ತಿರುಗಬೇಕಾದ್ದು ಸ್ಪೂಲ್. ದಾರದ ಉಂಡೆಯನ್ನೂ ಒಂದು ಕೋಲಿಗೆ ಹಾಕಿ, ಅದೂ ಉರುಳುವಂತೆ ಬಿಡಿ.

ಸಡಿಲವಾಗಿ ಸುತ್ತಿದ್ದರೆ ಆಗುವುದು ನಿಮಗಾದದ್ದೇ. ಎಳೆತ ಬಿದ್ದಾಗ ಮೇಲಿನ ಸುತ್ತು ಕೆಳಗಿನ ಸುತ್ತುಗಳನ್ನು ಸೀಳಿಕೊಂಡು ಒಳಗೆ ಹೂತುಹೋಗುತ್ತದೆ. ಸ್ಪೂಲ್ ಅರ್ಧ ಸುತ್ತು ತಿರುಗಿ ಗಕ್ಕನೆ ನಿಲ್ಲುತ್ತದೆ, ಅದೂ ಚೀಲ ಮೇಲೆ ಓಡುತ್ತಿರುವ ಹೊತ್ತಿನಲ್ಲೇ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಹಾಯಿಸುತ್ತಾ ಸುತ್ತಿದರೆ ಸುತ್ತುಗಳು ಒಂದನ್ನೊಂದು ದಾಟಿ ಕೂತು, ಮೇಲಿನದು ಹೂತುಹೋಗಲು ಎಡೆ ಕೊಡುವುದಿಲ್ಲ. ಅಂಚಿಗೆ ಕಿರುಬೆರಳ ಅರ್ಧದಷ್ಟು, ಅಂದರೆ 6ರಿಂದ 8 ಮಿ.ಮೀ., ಬರಿದಾಗಿಯೇ ಇರಲಿ.

ಸುತ್ತುವ ಮುಂಚೆಯೇ ಒಳತುದಿಯ ಕೊನೆಯ 5 ಮೀಟರಿಗೆ ಕಪ್ಪು ಪರ್ಮನೆಂಟ್ ಮಾರ್ಕರಿನಲ್ಲಿ ಗೇಣಿಗೊಂದು ಪಟ್ಟೆ ಎಳೆಯಿರಿ. ನೀರಿನಲ್ಲಿ ಪಟ್ಟೆ ಕಂಡಿತೆಂದರೆ ದಾರ ಮುಗಿಯುತ್ತಿದೆ ಎಂದು ಗೊತ್ತಾಗುತ್ತದೆ. ಹೊರತುದಿಗೆ ಒಂದು ಗೇಣಿನ ಕುಣಿಕೆ ಹಾಕಿ. ಸ್ಪೂಲೇ ಅದರೊಳಗೆ ತೂರುವಷ್ಟು ದೊಡ್ಡದಾಗಿರಬೇಕು. ಆಗ ಎಸ್‌ಎಂಬಿಯ ಬಳೆಯಲ್ಲಿ ಕುಣಿಕೆ ತೂರಿಸಿ, ಅದರೊಳಗೆ ಸ್ಪೂಲನ್ನು ಹಾಯಿಸಿ ಎಳೆದರೆ ಯಾವ ಕೊಕ್ಕೆಯೂ ಇಲ್ಲದೆ ಬಿಗಿಯುತ್ತದೆ. ಎಲ್ಲ ತುದಿಗಳನ್ನೂ ದೀಪಕ್ಕೆ ಹಿಡಿದು ಕರಗಿಸಿ, ಬಿಸಿ ಆರುವ ಮೊದಲು ಬೆರಳು ತಾಗಿಸಬೇಡಿ. ಕರಗಿದ ನೈಲಾನ್ ಚರ್ಮಕ್ಕೆ ಅಂಟಿ ಸುಡುತ್ತದೆ.

ತರೀಕೆರೆಯ ಓದುಗರು: ದಾರದ ಬಣ್ಣದಲ್ಲಿ ವ್ಯತ್ಯಾಸವೇನಾದರೂ ಇದೆಯೇ? ನನಗೆ ಕೆಂಪು ಇಷ್ಟ.

ಕೆಂಪು ಬಿಟ್ಟು ಯಾವುದಾದರೂ ಕೊಳ್ಳಿ. ನೀರು ಮೊದಲು ನುಂಗುವುದು ಕೆಂಪು ಬೆಳಕನ್ನು. ಹತ್ತು ಮೀಟರ್ ಇಳಿಯುವಷ್ಟರಲ್ಲಿ ನಿಮ್ಮ ಕೆಂಪು ದಾರ ಕಂದುಗಪ್ಪಾಗಿ ಕಾಣುತ್ತದೆ. ಟಾರ್ಚ್ ಬೆಳಕಿನಲ್ಲಿ ಅತ್ಯಂತ ಚೆನ್ನಾಗಿ ಕಾಣುವುದು ಬಿಳಿ, ಗುಹೆಗೆ ಇಳಿಯುವವರು ಬಿಳಿಯನ್ನೇ ಆರಿಸುತ್ತಾರೆ. ಎಸ್‌ಎಂಬಿಗೆ ಮಿಂಚುವ ಹಳದಿ ಅಥವಾ ಮಿಂಚುವ ಕಿತ್ತಳೆ ಒಳ್ಳೆಯದು, ಜೊತೆಗಾರರ ದಾರ ಬೇರೆ ಬಣ್ಣದ್ದಾದರೆ ಯಾರದು ಯಾವುದೆಂಬ ಗೊಂದಲವಿರುವುದಿಲ್ಲ. ಅಮೆರಿಕದ ಫ್ಲಾರಿಡಾದ ಗುಹೆಗಳಲ್ಲಿ ಚಿನ್ನದ ಬಣ್ಣದ ದಪ್ಪ ದಾರ ಕಂಡರೆ ಅದು ಅಲ್ಲಿನ ಶಾಶ್ವತ ಮುಖ್ಯದಾರಿ ಎಂದು ಅರ್ಥ, ಅಲ್ಲಿಗೆ ಹೋಗುವವರು ಆ ಬಣ್ಣವನ್ನು ತಮ್ಮ ರೀಲಿಗೆ ಹಾಕಿಕೊಳ್ಳದಿರುವುದು ಮರ್ಯಾದೆ.

ಅರಕಲಗೂಡಿನ ಓದುಗರು: ಗೊರೂರು ಜಲಾಶಯ ತುಂಬಿದಾಗ ಶೆಟ್ಟಿಹಳ್ಳಿಯ ಹಳೇ ಚರ್ಚು ಅರ್ಧ ಮುಳುಗುತ್ತದೆ. ರೀಲಿನ ದಾರ ಕಟ್ಟಿಕೊಂಡು ಒಳಗೆ ಹೋಗಿ ಬರಬಹುದೇ? ಎಷ್ಟು ದಪ್ಪದ ದಾರ ಬೇಕು?

ದಾರದ ಪ್ರಶ್ನೆಗೆ ಮೊದಲು ಉತ್ತರ: ಗೋಡೆ, ಕಬ್ಬಿಣ, ಹಡಗಿನ ಅವಶೇಷ ಇವುಗಳ ಬಳಿ ದಾರ ಉಜ್ಜುತ್ತದೆ, ನೀರು ಕಲಕಿದಾಗ ಕಣ್ಣಿಗಿಂತ ಬೆರಳೇ ದಾರಿ ಹುಡುಕಬೇಕಾಗುತ್ತದೆ. ಆದ್ದರಿಂದ ಅಲ್ಲಿ 2 ಮಿ.ಮೀ.ಗಿಂತ ದಪ್ಪದ, ಬಿಗಿ ಹೆಣಿಗೆಯ ನೈಲಾನ್ ಬಳಸುತ್ತಾರೆ. ಸ್ಪಷ್ಟ ನೀರಿನ ಗುಹೆಯಲ್ಲಿ 1.5ರಿಂದ 2 ಮಿ.ಮೀ. ಸಾಕಾಗುತ್ತದೆ, ದೂರ ಗೊತ್ತಾಗಲು 3 ಮೀಟರಿಗೊಂದು, ಅಂದರೆ ಹತ್ತಡಿಗೊಂದು ಗಂಟು ಹಾಕಿರುತ್ತಾರೆ. ಆ ಗಂಟು ಹಾಕಿದಲ್ಲಿ ದಾರದ ಬಲ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ, ಇದನ್ನೂ ಲೆಕ್ಕಕ್ಕೆ ಹಿಡಿದೇ ದಪ್ಪ ಆರಿಸುವುದು.

ಆದರೆ ಶೆಟ್ಟಿಹಳ್ಳಿಗೆ ಎಂಥ ದಾರ ಹಿಡಿದೂ ಇಳಿಯಬೇಡಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಆ ಗೋಡೆಗಳು ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ವರ್ಷ ವರ್ಷ ನೆನೆದು ಒಣಗಿ ಸಡಿಲವಾಗಿವೆ. ದಾರ ಕಟ್ಟಲು ನಂಬುವಂಥ ಒಂದು ಮೂಲೆ ಅಲ್ಲಿಲ್ಲ. ಮಳೆಗಾಲದ ಕೆಂಪು ನೀರಿನಲ್ಲಿ ಕೈಯಳತೆ ದೂರವೂ ಕಾಣುವುದಿಲ್ಲ, ಹಿನ್ನೀರಿನ ತಳದಲ್ಲಿ ಮುಳುಗಿದ ಮರದ ಬೊಡ್ಡೆ, ಹರಿದ ಬಲೆಯ ತುಂಡು ಇರುತ್ತವೆ. ಜಲಾಶಯಕ್ಕೆ ಅನುಮತಿಯಿಲ್ಲದೆ ಇಳಿಯುವಂತೆಯೂ ಇಲ್ಲ. ಅಮೆರಿಕದ ಗುಹೆ ಡೈವರ್ ಶೆಕ್ ಎಕ್ಸ್‌ಲಿ 1970ರ ದಶಕದಲ್ಲಿ ಗುಹೆ ಡೈವಿಂಗಿನ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ ಮತ್ತೆ ಮತ್ತೆ ಕಂಡದ್ದು ಇದು: ತೆರೆದ ನೀರಿನವರೆಗೆ ಕಡಿಯದ ದಾರ ಹಾಕಿರಲಿಲ್ಲ, ಹಿಂದಿರುಗಲು ಬೇಕಾದ ಗಾಳಿ ಉಳಿಸಿಕೊಂಡಿರಲಿಲ್ಲ, ಮಿತಿ ಮೀರಿ ಆಳಕ್ಕೆ ಹೋಗಿದ್ದರು. ತಲೆಯ ಮೇಲೆ ಮುಚ್ಚಿರುವ ಯಾವ ಜಾಗಕ್ಕಾದರೂ ಅದಕ್ಕೇ ಮೀಸಲಾದ ತರಬೇತಿ ಬೇಕು. ಬೇಸಿಗೆಯಲ್ಲಿ ನೀರಿಳಿದಾಗ ಚರ್ಚಿನ ಸುತ್ತ ನಡೆದಾಡಿ ನೋಡಿ, ನೀರಿನೊಳಗಿಂದ ಕಾಣುವುದಕ್ಕಿಂತ ಹೆಚ್ಚು ಕಾಣುತ್ತದೆ.

ಗೊರೂರಿನ ವಿಷಯ ಬಂದದ್ದರಿಂದ ನಮ್ಮ ಎರಡೂ ಜಿಲ್ಲೆಯವರಿಗೆ ಇನ್ನೊಂದು ಮಾತು. ಈ ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟದಿಂದ 2,922 ಅಡಿ, ಸುಮಾರು 890 ಮೀಟರ್. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ 300 ಮೀಟರಿಗಿಂತ ಮೇಲೆ ಡೈವ್ ಮಾಡುವಾಗ ಕಡಲಿನ ಕೋಷ್ಟಕವನ್ನು, ಅಂದರೆ ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದೆಂಬ ಪಟ್ಟಿಯನ್ನು, ಹಾಗೇ ಬಳಸುವಂತಿಲ್ಲ. ಕಡಲಿನಲ್ಲಿ ಡೈವ್ ಮಾಡಿ ಊರಿಗೆ ಮರಳುವುದಕ್ಕೂ ಇದೇ ಎಚ್ಚರ ಬೇಕು. ಹಾಸನ 900 ಮೀಟರಿಗಿಂತ ಮೇಲಿದೆ, ಚಿಕ್ಕಮಗಳೂರು 1,000 ಮೀಟರಿಗಿಂತ ಮೇಲೆ. ವಿಮಾನ ಹತ್ತುವ ಮುಂಚೆ ಒಂದು ಡೈವಿಗೆ 12 ಗಂಟೆ, ಹಲವು ಡೈವಿಗೆ 18 ಗಂಟೆ ಕಾಯಿರಿ ಎಂಬ ಸೂಚನೆ 600 ಮೀಟರಿನಿಂದ ಮೇಲಿನ ಎತ್ತರಕ್ಕೂ ಹೊಂದುತ್ತದೆ. ನೇತ್ರಾಣಿಯಲ್ಲಿ ಮಧ್ಯಾಹ್ನ ಡೈವ್ ಮುಗಿಸಿ ಅದೇ ಸಂಜೆ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಹತ್ತಬೇಡಿ. ಆ ರಾತ್ರಿ ಕರಾವಳಿಯಲ್ಲೇ ತಂಗಿ.

ಕಡೂರಿನ ಓದುಗರು: ನಮ್ಮೂರ ಕೆರೆಗಳಲ್ಲಿ ಯಾರಾದರೂ ಮುಳುಗಿದರೆ ಈಜು ಬಲ್ಲ ನಾವು ಕೆಲವರು ಹುಡುಕಲು ಇಳಿಯುತ್ತೇವೆ. ಅದಕ್ಕೆ ಡೈವಿಂಗ್ ರೀಲ್ ಕೊಂಡರೆ ಅನುಕೂಲವೇ?

ನಿಮ್ಮ ಮನಸ್ಸು ದೊಡ್ಡದು. ಆದರೆ ರೀಲಿನ ದಾರ ಈ ಕೆಲಸಕ್ಕೆ ಅಲ್ಲ. 2 ಮಿ.ಮೀ. ದಾರದಲ್ಲಿ ಮನುಷ್ಯರನ್ನು ಎಳೆಯಲಾಗದು, ಹಿಡಿದವರ ಅಂಗೈ ಕೊಯ್ಯುತ್ತದೆ, ದಡದಲ್ಲಿರುವವರಿಗೆ ಸನ್ನೆಯೂ ತಿಳಿಯುವುದಿಲ್ಲ. ತರಬೇತಾದ ಶೋಧದಳದವರು ಬಳಸುವುದು ಮುಷ್ಟಿಯಲ್ಲಿ ಹಿಡಿತ ಸಿಗುವ 8ರಿಂದ 10 ಮಿ.ಮೀ. ಹಗ್ಗ. ಒಂದು ತುದಿ ನೀರಿನಲ್ಲಿರುವವರ ಎದೆಪಟ್ಟಿಗೆ, ಇನ್ನೊಂದು ದಡದಲ್ಲಿ ಬೇರೆ ಯಾವ ಕೆಲಸವನ್ನೂ ಮಾಡದ ಒಬ್ಬರ ಕೈಯಲ್ಲಿ. ಎಷ್ಟು ಜಗ್ಗಿದರೆ ಏನರ್ಥ ಎಂಬುದು ಇಳಿಯುವ ಮುಂಚೆಯೇ ತೀರ್ಮಾನವಾಗಿರಬೇಕು. ಏನೂ ಕಾಣದ ನೀರಿನಲ್ಲಿ ಹಗ್ಗವನ್ನು ಬಿಗಿಯಾಗಿಟ್ಟು ಬಿಲ್ಲಿನಾಕಾರದಲ್ಲಿ ಈ ಕಡೆಯಿಂದ ಆ ಕಡೆಗೆ ತಡವುತ್ತಾ ಹೋಗುತ್ತಾರೆ. ಪ್ರತಿ ಸಲಕ್ಕೂ ದಡದವರು ತೋಳಳತೆಗಿಂತ ಕಡಿಮೆ ಹಗ್ಗವನ್ನೇ ಬಿಡುತ್ತಾರೆ, ನಡುವೆ ಒಂದು ಗೇಣೂ ತಪ್ಪದಿರಲಿ ಎಂದು.

ತರಬೇತಿ ಇಲ್ಲದವರು ದಡದಿಂದ ಎಸೆಯಬೇಕಾದ್ದು ತೇಲುವ ಹಗ್ಗ. ಹೌದು, ಮೇಲೆ ನಾವು ಬೇಡವೆಂದ ಪಾಲಿಪ್ರೊಪಿಲೀನೇ. ಇನ್ನೂ ನೀರಿನ ಮೇಲೆ ಕಾಣುತ್ತಿರುವವರನ್ನು ಉಳಿಸಲು 15ರಿಂದ 20 ಮೀಟರ್ ಹಗ್ಗ, ತುದಿಗೆ ಬಿಗಿಯಾಗಿ ಮುಚ್ಚಿದ 5 ಲೀಟರಿನ ಖಾಲಿ ಕ್ಯಾನು, ಅದರೊಳಗೆ ಎಸೆಯಲು ತೂಕವಾಗುವಷ್ಟು ಸ್ವಲ್ಪ ನೀರು ಸಾಕು. ಕೂಡಲೇ 112ಕ್ಕೆ ಕರೆ ಮಾಡಿ, ಎಲ್ಲಿ ಮುಳುಗಿದರು ಎಂಬುದಕ್ಕೆ ದಡದಲ್ಲಿ ಎರಡು ಗುರುತು ನೆಟ್ಟಿಡಿ. ಹುಡುಕುವವರಿಗೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ.

ಹಾಸನದಿಂದ ಇನ್ನೊಬ್ಬರು: ರೀಲ್ ಒಳ್ಳೆಯದೋ, ಸ್ಪೂಲ್ ಒಳ್ಳೆಯದೋ?

ಎಸ್‌ಎಂಬಿಗೆ ಸ್ಪೂಲ್. ಹಿಡಿ, ಬಿಲ್ಲೆ, ಸ್ಪ್ರಿಂಗ್ ಯಾವುದೂ ಇಲ್ಲವಾದ್ದರಿಂದ ಕೆಡಲು ಏನೂ ಇಲ್ಲ. 60 ಮೀಟರ್ ದಾಟಿ ದಾರ ಬೇಕಾದಾಗ ಕೈಯಲ್ಲಿ ಸುತ್ತಿ ಮುಗಿಸಲಾಗದು, ಅಲ್ಲಿ ಹಿಡಿಯಿರುವ ರೀಲ್ ಬೇಕು. ರೀಲಿನಲ್ಲಿ ದಾರ ಬಿಡುವಾಗ ಒಂದು ಬೆರಳು ಸದಾ ಉರುಳೆಯ ಮೇಲೆ ಮೆಲ್ಲಗೆ ಒತ್ತಿರಲಿ. ನೀವು ನಿಂತಾಗಲೂ ಉರುಳೆ ತಿರುಗುತ್ತಲೇ ಇದ್ದರೆ ದಾರ ಒಳಗೇ ಗುಬ್ಬಚ್ಚಿ ಗೂಡಾಗುತ್ತದೆ.

ಮೂಡಿಗೆರೆಯ ಓದುಗರು: ಮಳೆಗಾಲದಲ್ಲಿ ಡೈವಿಂಗ್ ಇಲ್ಲ, ನಾಲ್ಕೈದು ತಿಂಗಳು ಸ್ಪೂಲ್ ಮನೆಯಲ್ಲೇ ಇರುತ್ತದೆ. ಕಳೆದ ವರ್ಷ ದಾರಕ್ಕೆ ಬೂಷ್ಟು ಹಿಡಿದು ಕಪ್ಪು ಚುಕ್ಕೆಯಾಯಿತು. ಎಸೆಯಬೇಕೇ?

ಬೂಷ್ಟು ನೈಲಾನನ್ನಾಗಲಿ ಪಾಲಿಯೆಸ್ಟರನ್ನಾಗಲಿ ತಿನ್ನುವುದಿಲ್ಲ. ಉಗುರುಬೆಚ್ಚನೆ ನೀರಿಗೆ ಸ್ವಲ್ಪ ಸೋಪು ಹಾಕಿ ತೊಳೆದರೆ ಸಾಕು, ಕಲೆ ಉಳಿದರೆ ಉಳಿಯಲಿ. ಬ್ಲೀಚಿಂಗ್ ಪುಡಿ ಮಾತ್ರ ಬೇಡ, ಅದು ನೈಲಾನನ್ನು ಕೆಡಿಸುತ್ತದೆ. ದಾರಕ್ಕೆ ನಿಜವಾದ ಶತ್ರು ಉಪ್ಪು, ಮರಳು, ಬಿಸಿಲು. ಸುತ್ತುಗಳ ನಡುವೆ ಒಣಗಿದ ಉಪ್ಪಿನ ಹರಳು, ಮರಳಿನ ಕಣ ಪ್ರತಿ ಎಳೆತಕ್ಕೂ ಒಳಗಿನಿಂದಲೇ ಎಳೆಗಳನ್ನು ಕೊಯ್ಯುತ್ತವೆ. ಸ್ಪೂಲಿನಲ್ಲಿದ್ದಂತೆಯೇ ನಲ್ಲಿ ಕೆಳಗೆ ಹಿಡಿದರೆ ಒಳಸುತ್ತಿಗೆ ನೀರು ತಲುಪುವುದಿಲ್ಲ. ಹಂಗಾಮು ಮುಗಿದ ಮೇಲೆ ದಾರವನ್ನು ಪೂರ್ತಿ ಬಿಚ್ಚಿ, ಒಂದು ರಾತ್ರಿ ಸಿಹಿನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ. ಕಾಫಿ ಕಣದಲ್ಲಿ ಹರಡಬೇಡಿ, ಮಧ್ಯಾಹ್ನದ ಬಿಸಿಲು ಮತ್ತು ಕಾದ ಸಿಮೆಂಟು ಎರಡೂ ಸೇರಿ ದಾರವನ್ನು ಗಡುಸಾಗಿಸುತ್ತವೆ. ಒಲೆಯ ಮೇಲಿನ ಅಟ್ಟವೂ ಬೇಡ. ಬಟ್ಟೆಯ ಚೀಲದಲ್ಲಿ ಹಾಕಿ, ಗಾಳಿಯಾಡುವ ಕಡೆ ತೂಗುಹಾಕಿ. ಪ್ಲಾಸ್ಟಿಕ್ ಡಬ್ಬಿಯೇ ನಿಮ್ಮ ಬೂಷ್ಟಿಗೆ ಕಾರಣವಾಗಿರಬೇಕು.

ಎಸೆಯಬೇಕೋ ಬೇಡವೋ ಎಂದು ತಿಳಿಯಲು ಹಳೆಯ ಹತ್ತಿ ಪಂಚೆಯ ತುಂಡಿನಲ್ಲಿ ದಾರ ಹಿಡಿದು ಉದ್ದಕ್ಕೂ ಎಳೆಯಿರಿ. ಎಳೆ ಕಿತ್ತ ಜಾಗದಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಬಾಗಿಸಿ ನೋಡಿ: ಹೆಣಿಗೆ ಬಿರಿದು ತಿರುಳು ಕಂಡರೆ, ಅಥವಾ ಒಂದು ಕಡೆ ಮಾತ್ರ ಕಡ್ಡಿಯಂತೆ ಗಡುಸಾಗಿದ್ದರೆ, ಅಲ್ಲಿಗೆ ಅದರ ಆಯುಸ್ಸು ಮುಗಿಯಿತು. ಹೆಚ್ಚಾಗಿ ಸವೆದಿರುವುದು ಕುಣಿಕೆಯ ಕಡೆಯ ಎರಡು ಮೂರು ಮೀಟರ್ ಮಾತ್ರ. ಅಷ್ಟನ್ನು ಕತ್ತರಿಸಿ ಹೊಸ ಕುಣಿಕೆ ಹಾಕಿಕೊಳ್ಳಿ, ಉಳಿದ ಉದ್ದವನ್ನು ಮತ್ತೆ ಅಳೆಯಿರಿ. ಹೀಗೆ ಕಡಿದು ಕಡಿದು ನೀವಿಳಿಯುವ ಆಳದ ಒಂದೂವರೆ ಪಟ್ಟಿಗಿಂತ ಕಡಿಮೆಯಾದರೆ ಪೂರ್ತಿ ಬದಲಿಸಿ. ತೆಗೆದ ಹಳೆಯ ದಾರವನ್ನು ಮೆಣಸಿನ ಬಳ್ಳಿ ಕಟ್ಟಲು ಬಳಸಬೇಡಿ, ಬಳ್ಳಿ ದಪ್ಪವಾದಂತೆ ನೈಲಾನ್ ಒಳಕ್ಕೆ ಕೊರೆಯುತ್ತದೆ. ಬೀದಿಯಲ್ಲೂ ಬಿಸಾಡಬೇಡಿ, ದನದ ಕಾಲಿಗೂ ಹಕ್ಕಿಯ ಕಾಲಿಗೂ ಅದು ಉರುಳು. ಗೇಣುದ್ದ ತುಂಡು ಮಾಡಿ ಒಣಕಸಕ್ಕೆ ಹಾಕಿ.